ಎ.ಎಫ್.ಸಿ. ವಿಂಬಲ್ಡನ್

ಎ.ಎಫ್.ಸಿ. ವಿಂಬಲ್ಡನ್ ನೈಋತ್ಯ ಲಂಡನ್ನಿನ ಮರ್ಟನ್ ಆಡಳಿತ ವಿಭಾಗಕ್ಕೆ ಸೇರಿದ ವಿಂಬಲ್ಡನ್ ಪ್ರದೇಶದ ವೃತ್ತಿಪರ ಫುಟ್‌ಬಾಲ್ ಕ್ಲಬ್. ಇದೇ ಊರಿನ ಟೆನಿಸ್ ಪಂದ್ಯಾವಳಿ ಜಗತ್ಪ್ರಸಿದ್ಧವಾಗಿದ್ದರೂ ಅದಕ್ಕೂ ಈ ಕ್ಲಬ್ಬಿಗೂ ಸಂಬಂಧವಿಲ್ಲ. ತಮ್ಮ ಊರಿನ ಹಳೆಯ ಕ್ಲಬ್ಬನ್ನು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ನಗರಕ್ಕೆ ಸ್ಥಳಾಂತರಿಸಲು ಅನುಮತಿ ದೊರೆತಾಗ, ಅದನ್ನು ಒಪ್ಪದ ಬೆಂಬಲಿಗರು 2002ರಲ್ಲಿ ಈ ಕ್ಲಬ್ಬನ್ನು ಸ್ಥಾಪಿಸಿದರು. ಇದರ ಒಡೆತನದ ನಿಯಂತ್ರಣ ಇಂದಿಗೂ ಡಾನ್ಸ್ ಟ್ರಸ್ಟ್ ಎಂಬ ಬೆಂಬಲಿಗರ ಸಂಸ್ಥೆಯ ಕೈಯಲ್ಲಿದೆ.

ಮೂಲ ಕ್ಲಬ್

ವಿಂಬಲ್ಡನ್ನಿನ ಸೆಂಟ್ರಲ್ ಶಾಲೆಯ ಹಳೆಯ ವಿದ್ಯಾರ್ಥಿಗಳು 1889ರಲ್ಲಿ ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್ ಎಂಬ ತಂಡವನ್ನು ಕಟ್ಟಿದರು. ಆರಂಭದಲ್ಲಿ ತಂಡವು ಊರಿನ ಸಾರ್ವಜನಿಕ ಬಯಲಾದ ವಿಂಬಲ್ಡನ್ ಕಾಮನ್‌ನಲ್ಲಿ ಆಡುತ್ತಿತ್ತು. 1905ರಲ್ಲಿ ಅದರ ಹೆಸರು ವಿಂಬಲ್ಡನ್ ಎಂದಾಯಿತು. 1912ರಲ್ಲಿ ಪ್ಲೌ ಲೇನ್ ಅದರ ಮೈದಾನವಾಯಿತು. ದಶಕಗಳ ಕಾಲ ಇದು ಹವ್ಯಾಸಿ ತಂಡವಾಗಿಯೇ ಉಳಿದಿತ್ತು. 1963ರ ಅಮೆಚೂರ್ ಕಪ್ ಅಂತಿಮ ಪಂದ್ಯದಲ್ಲಿ ಸಟನ್ ಯುನೈಟೆಡ್ ತಂಡವನ್ನು 4–2ರಿಂದ ಸೋಲಿಸಿದಾಗ ನಾಲ್ಕೂ ಗೋಲುಗಳನ್ನು ಎಡ್ಡಿ ರೆನಾಲ್ಡ್ಸ್ ತಲೆಯಿಂದಲೇ ಹೊಡೆದರು.

1977ರಲ್ಲಿ ಕ್ಲಬ್ ಫುಟ್‌ಬಾಲ್ ಲೀಗಿಗೆ ಆಯ್ಕೆಯಾಯಿತು. ಅಲ್ಲಿಂದ ಒಂಬತ್ತೇ ವರ್ಷಗಳಲ್ಲಿ, ಅಂದರೆ 1986ರಲ್ಲಿ, ಡೇವ್ ಬ್ಯಾಸೆಟ್ ಅವರ ಮಾರ್ಗದರ್ಶನದಲ್ಲಿ ಅತ್ಯುನ್ನತ ವಿಭಾಗವನ್ನು ತಲುಪಿತು. ಚೆಂಡನ್ನು ಉದ್ದಕ್ಕೆ ಒದೆಯುವ ಒರಟು ಆಟ ಮತ್ತು ಆಟಗಾರರ ಹುಡುಗಾಟಗಳಿಂದಾಗಿ ತಂಡಕ್ಕೆ 'ಕ್ರೇಜಿ ಗ್ಯಾಂಗ್' ಎಂಬ ಅಡ್ಡಹೆಸರು ಬಂತು. 1988ರ ಮೇ 14ರಂದು ವೆಂಬ್ಲಿಯಲ್ಲಿ ನಡೆದ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ, ಆ ಋತುವಿನ ಲೀಗ್ ಚಾಂಪಿಯನ್ ಲಿವರ್‌ಪೂಲ್ ತಂಡವನ್ನು ಅದು 1–0ರಿಂದ ಸೋಲಿಸಿತು. ಗೋಲು ಲಾರಿ ಸ್ಯಾಂಚೆಜ್ ಅವರದು. ನಾಯಕ ಹಾಗೂ ಗೋಲ್‌ಕೀಪರ್ ಡೇವ್ ಬೆಸಂಟ್, ಜಾನ್ ಆಲ್ಡ್ರಿಜ್ ಒದೆದ ಪೆನಾಲ್ಟಿಯನ್ನು ತಡೆದರು, ವೆಂಬ್ಲಿಯ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಪೆನಾಲ್ಟಿ ತಡೆದ ಮೊದಲ ಗೋಲ್‌ಕೀಪರ್ ಅವರು.

ಮೈದಾನದ ನಷ್ಟ ಮತ್ತು ಸ್ಥಳಾಂತರ

1989ರ ಹಿಲ್ಸ್‌ಬರೋ ದುರಂತದಲ್ಲಿ 97 ಪ್ರೇಕ್ಷಕರು ಮೃತಪಟ್ಟ ನಂತರ, ಉನ್ನತ ವಿಭಾಗಗಳ ಕ್ರೀಡಾಂಗಣಗಳಲ್ಲಿ ಪ್ರೇಕ್ಷಕರೆಲ್ಲರಿಗೂ ಆಸನವಿರಬೇಕೆಂದು ಟೇಲರ್ ವರದಿ ಶಿಫಾರಸು ಮಾಡಿತು. ಹಳೆಯ ಪ್ಲೌ ಲೇನ್ ಅನ್ನು ಅದಕ್ಕೆ ತಕ್ಕಂತೆ ಮಾರ್ಪಡಿಸಲಾಗದೆಂದು ಆಡಳಿತವರ್ಗ ತೀರ್ಮಾನಿಸಿತು. 1991ರಲ್ಲಿ ತಂಡವು ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿನ ಸೆಲ್‌ಹರ್ಸ್ಟ್ ಪಾರ್ಕ್‌ಗೆ ಬಾಡಿಗೆಗೆ ಹೋಯಿತು. ತಾತ್ಕಾಲಿಕವೆನ್ನಲಾದ ಈ ವಾಸ ಹನ್ನೆರಡು ವರ್ಷ ನಡೆಯಿತು. ಪರಸ್ಥಳದ ಮೈದಾನಕ್ಕೆ ಬರುವ ಪ್ರೇಕ್ಷಕರು ಎಷ್ಟು ಕಡಿಮೆಯಾದರೆಂದರೆ, 1993ರ ಜನವರಿಯಲ್ಲಿ ಎವರ್ಟನ್ ವಿರುದ್ಧದ ಪ್ರೀಮಿಯರ್ ಲೀಗ್ ಪಂದ್ಯಕ್ಕೆ ಬಂದವರು ಕೇವಲ 3,039 ಮಂದಿ. 1998ರಲ್ಲಿ ಮಾಲೀಕ ಸ್ಯಾಮ್ ಹಮ್ಮಾಮ್ ಪ್ಲೌ ಲೇನ್ ನಿವೇಶನವನ್ನು ಸೇಫ್‌ವೇ ಎಂಬ ಅಂಗಡಿ ಸರಣಿಗೆ ಮಾರಿದರು. ಮುಂದೆ ಅಲ್ಲಿ ವಸತಿ ಕಟ್ಟಡಗಳು ಎದ್ದವು. 2000ದ ಮೇ 14ರಂದು, ಕಪ್ ಗೆದ್ದು ಸರಿಯಾಗಿ ಹನ್ನೆರಡು ವರ್ಷ ತುಂಬಿದ ದಿನವೇ, ತಂಡವು ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು.

2001ರ ಆಗಸ್ಟ್‌ನಲ್ಲಿ ಕ್ಲಬ್ಬಿನ ಆಡಳಿತವು ಮಿಲ್ಟನ್ ಕೀನ್ಸ್‌ಗೆ ಹೋಗುವ ಉದ್ದೇಶವನ್ನು ಪ್ರಕಟಿಸಿತು. ಯೋಜಿತ ನಗರವಾಗಿ ಬೆಳೆದ ಆ ಊರಿಗೆ ಆಗ ಲೀಗ್ ಮಟ್ಟದ ತಂಡವಿರಲಿಲ್ಲ. ಫುಟ್‌ಬಾಲ್ ಲೀಗ್ ಮೊದಲು ಅನುಮತಿ ನಿರಾಕರಿಸಿತು. ಕ್ಲಬ್ ಮೇಲ್ಮನವಿ ಸಲ್ಲಿಸಿತು. ಕೊನೆಗೆ ಫುಟ್‌ಬಾಲ್ ಅಸೋಸಿಯೇಷನ್ ನೇಮಿಸಿದ ಮೂವರು ಸದಸ್ಯರ ಸಮಿತಿಯು 2002ರ ಮೇ 28ರಂದು 2–1 ಬಹುಮತದಿಂದ ಸ್ಥಳಾಂತರಕ್ಕೆ ಒಪ್ಪಿಗೆ ನೀಡಿತು. ಬೆಂಬಲಿಗರು ಹೊಸ ಕ್ಲಬ್ ಕಟ್ಟುವುದು ಫುಟ್‌ಬಾಲಿನ ವ್ಯಾಪಕ ಹಿತಕ್ಕೆ ಪೂರಕವಲ್ಲವೆಂಬ ಅಭಿಪ್ರಾಯವೂ ಸಮಿತಿಯ ವರದಿಯಲ್ಲಿತ್ತು. ಈ ಮಾತನ್ನು ಬೆಂಬಲಿಗರು ಮರೆಯಲಿಲ್ಲ. ಮುಂದೆ ಅದು ಅವರ ನಡುವೆ ವ್ಯಂಗ್ಯದ ಘೋಷಣೆಯಾಗಿ ಬಳಕೆಗೆ ಬಂತು.

ಐಪಿಎಲ್ ಪಂದ್ಯಗಳನ್ನು ನೋಡುವ ಭಾರತೀಯ ಓದುಗರಿಗೆ 'ಫ್ರಾಂಚೈಸಿ' ಎಂಬುದು ಸಹಜವಾದ ಪದ. ಇಂಗ್ಲಿಷ್ ಫುಟ್‌ಬಾಲಿನಲ್ಲಿ ಅದು ಬೈಗುಳಕ್ಕೆ ಸಮ. ಅಲ್ಲಿ ಯಾವುದೇ ಊರಿನ ಸಣ್ಣ ತಂಡವೂ ಕೆಳಹಂತದಿಂದ ಗೆಲ್ಲುತ್ತ ಮೇಲೇರಬಹುದು. ಸ್ಥಾನವನ್ನು ಗಳಿಸಬೇಕೇ ಹೊರತು ಮತ್ತೊಂದು ಊರಿನಿಂದ ಕೊಂಡು ತರಬಾರದೆಂಬುದು ರೂಢಿ. ಹೀಗಾಗಿ ಪ್ರತಿಭಟನೆಗೆ ಬೇರೆ ಕ್ಲಬ್ಬುಗಳ ಅಭಿಮಾನಿಗಳಿಂದಲೂ ಬೆಂಬಲ ದೊರೆಯಿತು.

ಹೊಸ ಕ್ಲಬ್ಬಿನ ಸ್ಥಾಪನೆ

ತೀರ್ಪು ಬಂದ ಎರಡೇ ದಿನಗಳಲ್ಲಿ ಬೆಂಬಲಿಗರ ಸಭೆಯು ಹೊಸ ಕ್ಲಬ್ ಸ್ಥಾಪಿಸಲು ನಿರ್ಧರಿಸಿತು. ಕ್ರಿಸ್ ಸ್ಟೂವರ್ಟ್ ಮೊದಲ ಅಧ್ಯಕ್ಷರಾದರು, ಟೆರ್ರಿ ಈಮ್ಸ್ ಮೊದಲ ತರಬೇತುದಾರರಾದರು. ಜೂನ್ 29ರಂದು ವಿಂಬಲ್ಡನ್ ಕಾಮನ್‌ನಲ್ಲಿ ಬಹಿರಂಗ ಆಯ್ಕೆ ಏರ್ಪಡಿಸಿದಾಗ ಸುಮಾರು 230 ಆಟಗಾರರು ಬಂದರು. ಹಳೆಯ ಕ್ಲಬ್ ಆಟ ಆರಂಭಿಸಿದ್ದೂ ಇದೇ ಬಯಲಿನಲ್ಲಿ. ಜುಲೈ 10ರಂದು ಸಟನ್ ಯುನೈಟೆಡ್ ವಿರುದ್ಧ ನಡೆದ ಮೊದಲ ಸೌಹಾರ್ದ ಪಂದ್ಯವನ್ನು ತಂಡವು 4–0ರಿಂದ ಸೋತಿತು. ಆದರೆ ಅದನ್ನು ನೋಡಲು 4,657 ಜನ ಸೇರಿದ್ದರು.

ತಂಡವು ಕಂಬೈನ್ಡ್ ಕೌಂಟೀಸ್ ಲೀಗ್ ಎಂಬ ಪ್ರಾದೇಶಿಕ ಲೀಗಿನಲ್ಲಿ ಸ್ಥಾನ ಪಡೆದು, ಕಿಂಗ್‌ಸ್ಟನ್ನಿನ ಕಿಂಗ್ಸ್‌ಮೆಡೋ ಮೈದಾನದಲ್ಲಿ ಆಡತೊಡಗಿತು. ಮೊದಲ ಋತುವಿನ ಸರಾಸರಿ ಪ್ರೇಕ್ಷಕರ ಸಂಖ್ಯೆ 3,000 ದಾಟಿತು. ಅನೇಕ ಹಂತ ಮೇಲಿನ ವಿಭಾಗದಲ್ಲಿದ್ದ ಹಳೆಯ ಕ್ಲಬ್ಬಿಗೆ ಆ ವರ್ಷ ಅಷ್ಟೂ ಜನ ಬರಲಿಲ್ಲ. 2003ರ ಫೆಬ್ರವರಿಯಿಂದ 2004ರ ಡಿಸೆಂಬರ್‌ವರೆಗೆ ತಂಡವು ಸತತ 78 ಲೀಗ್ ಪಂದ್ಯಗಳಲ್ಲಿ ಸೋಲು ಕಾಣದೆ ಇಂಗ್ಲೆಂಡಿನಲ್ಲಿ ದಾಖಲೆ ನಿರ್ಮಿಸಿತು. ಒಂಬತ್ತು ಋತುಗಳಲ್ಲಿ ಐದು ಬಾರಿ ಬಡ್ತಿ ಪಡೆಯಿತು. 2011ರಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದ ನಿರ್ಣಾಯಕ ಪಂದ್ಯದಲ್ಲಿ ಲೂಟನ್ ಟೌನ್ ತಂಡವನ್ನು ಪೆನಾಲ್ಟಿಗಳಲ್ಲಿ 4–3ರಿಂದ ಸೋಲಿಸಿ ಫುಟ್‌ಬಾಲ್ ಲೀಗನ್ನು ಪ್ರವೇಶಿಸಿತು.

ಬೆಂಬಲಿಗರು

ಡಾನ್ಸ್ ಟ್ರಸ್ಟಿನಲ್ಲಿ ಸದಸ್ಯರೊಬ್ಬರಿಗೆ ಒಂದೇ ಮತ; ಹೆಚ್ಚು ಹಣ ಹೂಡಿದವರಿಗೆ ಹೆಚ್ಚು ಮತವಿಲ್ಲ. ಕ್ಲಬ್ಬಿನ ಬಣ್ಣಗಳು ನೀಲಿ ಮತ್ತು ಹಳದಿ. ಲಾಂಛನದಲ್ಲಿರುವ ಎರಡು ತಲೆಯ ಹದ್ದು ಕರ್ನಾಟಕದ ಗಂಡಭೇರುಂಡವನ್ನು ನೆನಪಿಸಿದರೂ ಅದರ ಮೂಲ ಬೇರೆ: ವಿಂಬಲ್ಡನ್ ಪುರಸಭೆಯ ಹಳೆಯ ಲಾಂಛನದಿಂದ ಅದು ಬಂದಿದೆ, ಅದರ ಹಿಂದೆ ಜೂಲಿಯಸ್ ಸೀಸರ್ ಇಲ್ಲಿ ಬೀಡುಬಿಟ್ಟಿದ್ದನೆಂಬ ಐತಿಹ್ಯವಿದೆ. ಲೇಖಕಿ ಎಲಿಜಬೆತ್ ಬೆರೆಸ್‌ಫರ್ಡ್ ಅವರ ಮಕ್ಕಳ ಕಥೆಗಳಲ್ಲಿ ವಿಂಬಲ್ಡನ್ ಕಾಮನ್‌ನಲ್ಲಿ ವಾಸಿಸುತ್ತ, ಜನರು ಬಿಸುಟ ಕಸವನ್ನು ಹೆಕ್ಕಿ ಉಪಯುಕ್ತ ವಸ್ತುಗಳನ್ನಾಗಿಸುವ ವೂಂಬಲ್ ಎಂಬ ರೋಮಭರಿತ ಜೀವಿಗಳು ಬರುತ್ತವೆ. ಬೆಂಬಲಿಗರನ್ನೂ ತಂಡವನ್ನೂ ಇದೇ ಹೆಸರಿನಿಂದ ಕರೆಯುವುದುಂಟು. ಬಿಸುಟದ್ದನ್ನು ಎತ್ತಿ ಕಟ್ಟಿದ ಕ್ಲಬ್ಬಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.

2020ರಲ್ಲಿ ಕೋವಿಡ್ ಹರಡಿದಾಗ ಬೆಂಬಲಿಗರು ಡಾನ್ಸ್ ಲೋಕಲ್ ಆಕ್ಷನ್ ಗ್ರೂಪ್ ಎಂಬ ಸ್ವಯಂಸೇವಾ ತಂಡವನ್ನು ಕಟ್ಟಿ, ಸುತ್ತಲಿನ ಪ್ರದೇಶಗಳ ಅಗತ್ಯವುಳ್ಳ ಮನೆಗಳಿಗೆ ದಿನಸಿ ತಲುಪಿಸಿದರು.

ಈ ಚರಿತ್ರೆಯಲ್ಲಿ ಕಹಿಯಾದ ಒಂದು ಅಧ್ಯಾಯವೂ ಇದೆ. ಕಿಂಗ್ಸ್‌ಮೆಡೋ ಮೂಲತಃ ಕಿಂಗ್‌ಸ್ಟೋನಿಯನ್ ಎಂಬ ಸ್ಥಳೀಯ ಕ್ಲಬ್ಬಿನ ನೆಲೆ. 2003ರಲ್ಲಿ ಅದರ ಗುತ್ತಿಗೆಯನ್ನು ಎ.ಎಫ್.ಸಿ. ವಿಂಬಲ್ಡನ್ ಕೊಂಡ ಮೇಲೆ ಕಿಂಗ್‌ಸ್ಟೋನಿಯನ್ ಬಾಡಿಗೆದಾರನಾಗಿ ಮುಂದುವರಿಯಿತು. ಮುಂದೆ ಹೊಸ ಕ್ರೀಡಾಂಗಣಕ್ಕಾಗಿ ಮೈದಾನವನ್ನು ಚೆಲ್ಸಿ ಕ್ಲಬ್ಬಿಗೆ ಮಾರಿದಾಗ, 2017ರಲ್ಲಿ ಕಿಂಗ್‌ಸ್ಟೋನಿಯನ್ ಅಲ್ಲಿಂದ ಹೊರಡಬೇಕಾಯಿತು. ನೆಲೆ ಕಳೆದುಕೊಂಡವರೇ ಮತ್ತೊಬ್ಬರ ನೆಲೆ ತಪ್ಪಲು ಕಾರಣರಾದರೆಂಬ ಟೀಕೆಯನ್ನು ತಳ್ಳಿಹಾಕುವುದು ಸುಲಭವಲ್ಲ.

ಮಿಲ್ಟನ್ ಕೀನ್ಸ್ ಜೊತೆಗಿನ ಸಂಬಂಧ

ಹಳೆಯ ಕ್ಲಬ್ 2003ರಲ್ಲಿ ಮಿಲ್ಟನ್ ಕೀನ್ಸ್‌ಗೆ ತೆರಳಿ, ಮರುವರ್ಷ ಮಿಲ್ಟನ್ ಕೀನ್ಸ್ ಡಾನ್ಸ್ ಎಂದು ಹೆಸರು ಬದಲಿಸಿಕೊಂಡಿತು. 1988ರ ಕಪ್ ಯಾರಿಗೆ ಸೇರಿದ್ದೆಂಬ ವಿವಾದ 2006ರ ಒಪ್ಪಂದದವರೆಗೂ ನಡೆಯಿತು. ಅದರಂತೆ 2004ಕ್ಕಿಂತ ಹಿಂದಿನ ಚರಿತ್ರೆಯ ಮೇಲಿನ ಹಕ್ಕನ್ನು ಮಿಲ್ಟನ್ ಕೀನ್ಸ್ ಬಿಟ್ಟುಕೊಟ್ಟಿತು, 2007ರಲ್ಲಿ ಎಫ್.ಎ. ಕಪ್ಪಿನ ಪ್ರತಿಕೃತಿ ಸೇರಿದಂತೆ ಪಾರಿತೋಷಕಗಳು ಮರ್ಟನ್‌ಗೆ ಮರಳಿದವು. ಎರಡೂ ತಂಡಗಳು ಮೊದಲ ಬಾರಿ ಎದುರಾದದ್ದು 2012ರ ಡಿಸೆಂಬರ್ 2ರಂದು, ಎಫ್.ಎ. ಕಪ್ಪಿನಲ್ಲಿ. ಅಂದು ಮಿಲ್ಟನ್ ಕೀನ್ಸ್ 2–1ರಿಂದ ಗೆದ್ದಿತು. ವಿಂಬಲ್ಡನ್ನಿಗೆ ಮೊದಲ ಜಯ ಸಿಕ್ಕಿದ್ದು 2014ರಲ್ಲಿ.

ಪ್ಲೌ ಲೇನ್‌ಗೆ ಮರಳಿಕೆ

ಹಳೆಯ ಮೈದಾನದಿಂದ ಕೆಲವೇ ನೂರು ಮೀಟರ್ ದೂರದಲ್ಲಿ, ಹಿಂದೆ ನಾಯಿಗಳ ಓಟದ ಸ್ಪರ್ಧೆ ನಡೆಯುತ್ತಿದ್ದ ಜಾಗದಲ್ಲಿ ಹೊಸ ಕ್ರೀಡಾಂಗಣ ನಿರ್ಮಾಣವಾಯಿತು. ವೆಚ್ಚಕ್ಕೆ ಹಣ ಸಾಲದೆ ಹೊರಗಿನ ಹೂಡಿಕೆದಾರರ ಮಾತು ಬಂದಾಗ, ಒಡೆತನ ಬಿಟ್ಟುಕೊಡಲು ಇಷ್ಟಪಡದವರು ಸಾಲಪತ್ರಗಳ ಯೋಜನೆಯೊಂದನ್ನು ಮುಂದಿಟ್ಟರು. ಅದರಿಂದ 50 ಲಕ್ಷ ಪೌಂಡ್‌ಗಳಿಗೂ ಹೆಚ್ಚು ಸಂಗ್ರಹವಾಯಿತು. 2020ರ ನವೆಂಬರ್ 3ರಂದು ಡಾನ್‌ಕ್ಯಾಸ್ಟರ್ ರೋವರ್ಸ್ ವಿರುದ್ಧ ಅಲ್ಲಿ ಮೊದಲ ಪಂದ್ಯ ನಡೆದು 2–2ರಲ್ಲಿ ಸಮವಾಯಿತು. ಸಾಂಕ್ರಾಮಿಕದ ನಿರ್ಬಂಧದಿಂದಾಗಿ ಆ ದಿನ ಆಸನಗಳೆಲ್ಲ ಖಾಲಿ. ಇಪ್ಪತ್ತೊಂಬತ್ತು ವರ್ಷ ಕಾದಿದ್ದ ಬೆಂಬಲಿಗರು ಮನೆಗಳಲ್ಲಿ ಕುಳಿತೇ ಪಂದ್ಯ ನೋಡಿದರು.

2016ರಲ್ಲಿ ಲೀಗ್ ಒನ್ ತಲುಪಿದ್ದ ತಂಡವು 2022ರಲ್ಲಿ ಕೆಳಗಿಳಿಯಿತು. 2024ರ ಸೆಪ್ಟೆಂಬರ್‌ನಲ್ಲಿ ಭಾರಿ ಮಳೆಯಿಂದ ಪಕ್ಕದ ವಾಂಡಲ್ ನದಿ ಉಕ್ಕಿ, ಮೈದಾನದ ಒಂದು ಭಾಗ ಕುಸಿಯಿತು. ನ್ಯೂಕ್ಯಾಸಲ್ ಯುನೈಟೆಡ್ ವಿರುದ್ಧದ ಲೀಗ್ ಕಪ್ ಪಂದ್ಯವನ್ನು ಎದುರಾಳಿಯ ಊರಿಗೇ ಬದಲಾಯಿಸಬೇಕಾಯಿತು. ದುರಸ್ತಿಗಾಗಿ ಬೆಂಬಲಿಗರು ಮತ್ತೆ ಹಣ ಕೂಡಿಸಿದರು. ಅದೇ ಋತುವಿನ ಕೊನೆಗೆ, 2025ರ ಮೇ 26ರಂದು, ವೆಂಬ್ಲಿಯಲ್ಲಿ ವಾಲ್ಸಾಲ್ ತಂಡವನ್ನು 1–0ರಿಂದ ಸೋಲಿಸಿ ತಂಡವು ಲೀಗ್ ಒನ್‌ಗೆ ಮರಳಿತು.