ಮೂರು ಮಾತ್ರೆ, ಒಂದು ದೇಹ: ಮನಸ್ಸಿನ ಔಷಧಿಗಳನ್ನು ಒಟ್ಟಿಗೆ ಸೇವಿಸುವಾಗ

ನಿಮ್ಮ ಮನೆಯಲ್ಲಿ ಔಷಧಿ ಇಡುವ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ತಾಯಿಯ ಖಿನ್ನತೆಯ ಮಾತ್ರೆ, ನಿದ್ದೆ ಬಾರದ ಅಜ್ಜಿಗೆ ಎಂದೋ ಬರೆದುಕೊಟ್ಟಿದ್ದ ಅರ್ಧ ಸ್ಟ್ರಿಪ್, ಓದಿನಲ್ಲಿ ಗಮನ ನಿಲ್ಲದ ಮಗನ ಮಾತ್ರೆ, ಪಕ್ಕದಲ್ಲೇ ಕೆಮ್ಮಿನ ಸಿರಪ್ ಮತ್ತು ಸೊಂಟನೋವಿನ ಗುಳಿಗೆ. ಇವುಗಳಲ್ಲಿ ಒಂದೊಂದೂ ಅದರದ್ದೇ ಕಾಯಿಲೆಗೆ ಒಳ್ಳೆಯ ಮದ್ದು. ಆದರೆ ವೈದ್ಯರಿಗೆ ತಿಳಿಯದಂತೆ ಎರಡು ಮೂರು ಬಗೆ ಒಬ್ಬರ ದೇಹದಲ್ಲೇ ಸೇರಿದಾಗ ತೊಂದರೆ ಆರಂಭವಾಗುತ್ತದೆ.

ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವುದನ್ನು ಮುಚ್ಚಿಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಮೂಳೆ ವೈದ್ಯರಿಗೆ ಮನೋವೈದ್ಯರ ಚೀಟಿ ತೋರಿಸಲು ಸಂಕೋಚ, ಮನೋವೈದ್ಯರಿಗೆ ಅಂಗಡಿಯಿಂದ ತಂದ ಮಾತ್ರೆಯ ಬಗ್ಗೆ ಹೇಳಲು ಅಂಜಿಕೆ. ಈ ಮೌನವೇ ಎಷ್ಟೋ ಸಲ ಔಷಧಿಗಿಂತ ಹೆಚ್ಚು ಅಪಾಯಕಾರಿ.

ಮೂರು ಬಗೆ, ಮೂರು ಕೆಲಸ

ಮೊದಲನೆಯದು ಖಿನ್ನತೆ ನಿವಾರಕ. ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್ ಇವು ಹೆಚ್ಚು ಬಳಕೆಯಲ್ಲಿವೆ. ಇವು ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಲಭ್ಯತೆಯನ್ನು ಹೆಚ್ಚಿಸುತ್ತವೆ. ಗುಣ ಕಾಣಲು 2ರಿಂದ 6 ವಾರ ಬೇಕು.

ಎರಡನೆಯದು ಆತಂಕ ತಗ್ಗಿಸುವ ಔಷಧಿ. ಆಲ್‌ಪ್ರಝೋಲಾಮ್, ಕ್ಲೊನಾಝೆಪಾಮ್, ಲೊರಾಝೆಪಾಮ್ ಈ ಗುಂಪಿನವು. ಜನ ಇವುಗಳನ್ನು 'ನಿದ್ದೆ ಮಾತ್ರೆ' ಎಂದೇ ಕರೆಯುತ್ತಾರೆ. ಇವು ಬೇಗನೆ ಕೆಲಸ ಮಾಡುತ್ತವೆ, ಅಷ್ಟೇ ಬೇಗನೆ ಅಂಟಿಕೊಳ್ಳುತ್ತವೆ. ಕೆಲವು ವಾರ ದಿನವೂ ಸೇವಿಸಿದರೆ ದೇಹ ಅವಲಂಬಿತವಾಗಬಹುದು.

ಮೂರನೆಯದು ಉತ್ತೇಜಕ. ನಮ್ಮಲ್ಲಿ ಬಳಕೆಯಲ್ಲಿರುವುದು ಮೀಥೈಲ್‌ಫೆನಿಡೇಟ್. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ, ಅಂದರೆ ಎಡಿಎಚ್‌ಡಿ ಇರುವ ಮಕ್ಕಳಿಗೆ, ಕೆಲವೊಮ್ಮೆ ದೊಡ್ಡವರಿಗೂ, ತಜ್ಞರು ಇದನ್ನು ಕೊಡುತ್ತಾರೆ. ಇದರಿಂದ ಹಸಿವು ಮತ್ತು ನಿದ್ದೆ ಕಡಿಮೆಯಾಗಬಹುದು, ನಾಡಿ ಬಡಿತ ಮತ್ತು ರಕ್ತದೊತ್ತಡ ಏರಬಹುದು.

ವೈದ್ಯರೇ ಒಟ್ಟಿಗೆ ಕೊಡುವುದುಂಟು

ಒಂದೇ ಚೀಟಿಯಲ್ಲಿ ಎರಡು ಬಗೆಯ ಮಾತ್ರೆ ಕಂಡ ತಕ್ಷಣ ಗಾಬರಿಯಾಗಬೇಕಿಲ್ಲ. ಖಿನ್ನತೆಯ ಜೊತೆ ತೀವ್ರ ಆತಂಕವೂ ಇದ್ದರೆ, ಖಿನ್ನತೆ ನಿವಾರಕ ಕೆಲಸ ಆರಂಭಿಸುವವರೆಗೆ ಕೆಲವು ವಾರ ಆತಂಕದ ಮಾತ್ರೆ ಕೊಟ್ಟು, ನಂತರ ಅದನ್ನು ಹಂತ ಹಂತವಾಗಿ ಇಳಿಸುತ್ತಾರೆ. ಎಡಿಎಚ್‌ಡಿ ಇರುವ ವ್ಯಕ್ತಿಗೆ ಖಿನ್ನತೆಯೂ ಇದ್ದರೆ ಎರಡಕ್ಕೂ ಔಷಧಿ ಬೇಕಾಗಬಹುದು. ತಜ್ಞರ ನಿಗಾದಲ್ಲಿ ಇದು ಸರಿಯಾದ ಚಿಕಿತ್ಸೆಯೇ. 'ಕೆಲವು ವಾರ' ಎಂದು ಬರೆದ ಮಾತ್ರೆಯನ್ನು ಹಳೆಯ ಚೀಟಿ ತೋರಿಸುತ್ತಾ ವರ್ಷಗಟ್ಟಲೆ ನುಂಗುವುದು ಮಾತ್ರ ತಪ್ಪು.

ಎಚ್ಚರ ಬೇಕಾದ ಜೋಡಿಗಳು

ಖಿನ್ನತೆ ನಿವಾರಕದೊಂದಿಗೆ ಟ್ರಮಡಾಲ್ ಎಂಬ ನೋವಿನ ಮಾತ್ರೆ, ಅಥವಾ ಒಣಕೆಮ್ಮಿನ ಸಿರಪ್‌ನಲ್ಲಿರುವ ಡೆಕ್ಸ್‌ಟ್ರೋಮೆಥಾರ್ಫಾನ್ ಸೇರಿದರೆ ದೇಹದಲ್ಲಿ ಸೆರೊಟೋನಿನ್ ಮಿತಿಮೀರಬಹುದು. ಚಡಪಡಿಕೆ, ಬೆವರು, ಕೈಕಾಲು ನಡುಕ, ಭೇದಿ, ಜೋರಾದ ಎದೆಬಡಿತ, ಜ್ವರ, ಸ್ನಾಯುಗಳ ಸೆಳೆತ ಇದರ ಲಕ್ಷಣಗಳು. ಹೊಸ ಮಾತ್ರೆ ಸೇರಿಸಿದ ಕೆಲವೇ ಗಂಟೆಗಳಲ್ಲಿ ಇವು ಕಾಣಿಸಿಕೊಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಅದೇ ಖಿನ್ನತೆ ನಿವಾರಕದೊಂದಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಅಥವಾ ಆಸ್ಪಿರಿನ್ ಸೇವಿಸಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಂಭವ ಹೆಚ್ಚು. ಮಲ ಕಪ್ಪಾದರೆ ವೈದ್ಯರಿಗೆ ತಿಳಿಸಬೇಕು.

ಆತಂಕದ ಮಾತ್ರೆಯೊಂದಿಗೆ ಕೊಡೀನ್ ಇರುವ ಸಿರಪ್ ಅಥವಾ ಟ್ರಮಡಾಲ್ ಸೇರಿದರೆ ಉಸಿರಾಟವೇ ಕುಂದಬಹುದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2016ರಲ್ಲಿ ಇಂಥ ಜೋಡಿಗಳ ವಿರುದ್ಧ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಔಷಧಿಯ ಲೇಬಲ್‌ನಲ್ಲೇ ಮುದ್ರಿಸುವಂತೆ ಮಾಡಿತು.

ಇನ್ನೊಂದು ಎಡವಟ್ಟು ನಮ್ಮ ದೇಶದಲ್ಲಿ ಸುಲಭವಾಗಿ ಆಗುವಂಥದ್ದು. ಎಸ್ಸಿಟಾಲೋಪ್ರಾಮ್ ಮತ್ತು ಕ್ಲೊನಾಝೆಪಾಮ್ ಎರಡನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿ ಹಲವು ಹೆಸರುಗಳಲ್ಲಿ ಮಾರುತ್ತಾರೆ. ಆ ಗುಳಿಗೆ ಸೇವಿಸುತ್ತಿರುವವರಿಗೆ ಬೇರೊಬ್ಬ ವೈದ್ಯರು ತಿಳಿಯದೆ ನಿದ್ದೆಗೆಂದು ಕ್ಲೊನಾಝೆಪಾಮ್ ಬರೆದರೆ, ಒಂದೇ ಔಷಧಿ ಎರಡು ಪಟ್ಟು ದೇಹ ಸೇರುತ್ತದೆ. ವಯಸ್ಸಾದವರು ರಾತ್ರಿ ಮೂತ್ರಕ್ಕೆದ್ದಾಗ ತೂರಾಡಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದಕ್ಕೆ ಇಷ್ಟು ಸಾಕು. ಆದ್ದರಿಂದ ಸ್ಟ್ರಿಪ್‌ನ ಮೇಲೆ ಬರೆದ ಕಂಪನಿಯ ಹೆಸರಲ್ಲ, ಔಷಧಿಯ ಹೆಸರನ್ನು ಓದಿ.

ಪರೀಕ್ಷೆಯ ಕಾಲದಲ್ಲಿ ಮತ್ತೊಂದು ಅಪಾಯವಿದೆ. ರಾತ್ರಿಯಿಡೀ ಓದಲು ತಮ್ಮನ ಎಡಿಎಚ್‌ಡಿ ಮಾತ್ರೆ ನುಂಗುವುದು, ಅದರಿಂದ ಎದೆ ಡವಗುಟ್ಟಿ ನಿದ್ದೆ ಹಾರಿಹೋದಾಗ ಅಜ್ಜಿಯ ನಿದ್ದೆ ಮಾತ್ರೆ ಹುಡುಕುವುದು. ಒಂದು ಮೇಲಕ್ಕೆಳೆದರೆ ಇನ್ನೊಂದು ಕೆಳಕ್ಕೆಳೆಯುತ್ತದೆ, ನಡುವೆ ನಲುಗುವುದು ಹೃದಯ ಮತ್ತು ಮೆದುಳು. ಮಕ್ಕಳಿರುವ ಮನೆಯಲ್ಲಿ ಈ ಮಾತ್ರೆಗಳು ಬೀಗದಲ್ಲಿರಲಿ.

ತಟ್ಟನೆ ನಿಲ್ಲಿಸುವುದೂ ಅಪಾಯ

'ಈಗ ಆರಾಮಾಗಿದ್ದೇನೆ, ಮಾತ್ರೆ ಸಾಕು' ಎಂದು ತಾವಾಗಿಯೇ ಬಿಡುವವರಿದ್ದಾರೆ. ಬಹುಕಾಲ ಸೇವಿಸಿದ ಆತಂಕದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ನಡುಕ, ನಿದ್ದೆಗೇಡು, ಕೆಲವರಿಗೆ ಫಿಟ್ಸ್ ಕೂಡಾ ಬರಬಹುದು. ಖಿನ್ನತೆ ನಿವಾರಕ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಗರ್ಭಿಣಿ ಎಂದು ತಿಳಿದ ದಿನವೇ ಮಾತ್ರೆ ಎಸೆಯುವುದೂ ಸರಿಯಲ್ಲ. ವೈದ್ಯರನ್ನು ಕಂಡು, ಅವರು ಹೇಳಿದ ಹಂತಗಳಲ್ಲೇ ಮುಂದುವರಿಯಿರಿ.

ರಮಝಾನ್‌ಗೆ ಮುಂಚೆಯೇ ಮಾತನಾಡಿ

ಉಪವಾಸದ ತಿಂಗಳಲ್ಲಿ ಮಾತ್ರೆ ತಪ್ಪಿಸುವುದು, ಹಗಲಿನದ್ದು ರಾತ್ರಿಯದ್ದು ಎಲ್ಲವನ್ನೂ ಇಫ್ತಾರ್ ನಂತರ ಒಟ್ಟಿಗೆ ನುಂಗುವುದು ಎರಡೂ ಅಪಾಯಕಾರಿ. ದಿನಕ್ಕೊಮ್ಮೆ ಸೇವಿಸುವ ಖಿನ್ನತೆ ನಿವಾರಕವನ್ನು ಸಾಮಾನ್ಯವಾಗಿ ಸಹರಿಗೋ ಇಫ್ತಾರ್‌ಗೋ ಹೊಂದಿಸಬಹುದು. ಉತ್ತೇಜಕವನ್ನು ಇಫ್ತಾರ್‌ಗೆ ಸರಿಸಿದರೆ ರಾತ್ರಿಯ ನಿದ್ದೆ ಹೋಗುತ್ತದೆ. ದಿನಕ್ಕೆ ಮೂರು ಬಾರಿ ಔಷಧಿ ಬೇಕಾದವರಿಗೆ ಬದಲಿ ವ್ಯವಸ್ಥೆ ಸಾಧ್ಯವೇ ಎಂದು ಒಂದು ತಿಂಗಳ ಮೊದಲೇ ವೈದ್ಯರನ್ನು ಕೇಳಿ. ಅನಾರೋಗ್ಯ ಪೀಡಿತರಿಗೆ ಉಪವಾಸದಲ್ಲಿ ರಿಯಾಯಿತಿ ಇದೆ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ ಎಂಬುದನ್ನು ಮನೆಯ ಹಿರಿಯರು ನೆನಪಿನಲ್ಲಿಡಬೇಕು.

ಗಲ್ಫ್‌ನಲ್ಲಿರುವ ಮಗನಿಗೋ ಅಳಿಯನಿಗೋ ಈ ಮಾತ್ರೆಗಳನ್ನು ಊರಿನವರ ಕೈಯಲ್ಲಿ ಕಳಿಸಬೇಡಿ. ಆಲ್‌ಪ್ರಝೋಲಾಮ್, ಟ್ರಮಡಾಲ್‌ನಂಥವು ಅಲ್ಲಿ ನಿಯಂತ್ರಿತ ಔಷಧಿಗಳು. ಯುಎಇಗೆ ಇವುಗಳನ್ನು ಒಯ್ಯಲು ಅಲ್ಲಿನ ಸರಕಾರದ ಪೂರ್ವಾನುಮತಿ ಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳಬಹುದು.

ಮನೆಯವರು ಮಾಡಬೇಕಾದದ್ದು

1. ಯಾವ ವೈದ್ಯರ ಬಳಿ ಹೋದರೂ ಸೇವಿಸುತ್ತಿರುವ ಎಲ್ಲ ಔಷಧಿಗಳ ಸ್ಟ್ರಿಪ್‌ಗಳನ್ನು ಒಯ್ಯಿರಿ. ನಾಟಿ ಮದ್ದು, ಯುನಾನಿ ಔಷಧಿ ಇದ್ದರೂ ಹೇಳಿ.

2. ಹೃದ್ರೋಗ, ಫಿಟ್ಸ್, ಹಿಂದೆ ಇದ್ದ ಯಾವುದೇ ಚಟವನ್ನು ವೈದ್ಯರಿಂದ ಮುಚ್ಚಿಡಬೇಡಿ.

3. ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ಚೀಟಿಯಿಲ್ಲದೆ ನಿದ್ದೆ ಮಾತ್ರೆ ಕೊಡಿ ಎಂದು ಅಂಗಡಿಯವರನ್ನು ಒತ್ತಾಯಿಸಬೇಡಿ.

4. ಮಕ್ಕಳು ಮತ್ತು ಯುವಕ ಯುವತಿಯರು ಖಿನ್ನತೆ ನಿವಾರಕ ಆರಂಭಿಸಿದ ಮೊದಲ ವಾರಗಳಲ್ಲಿ ಅವರ ಮೇಲೆ ಕಣ್ಣಿಡಿ. ಚಡಪಡಿಕೆ, ಸಾವಿನ ಮಾತು ಕಂಡುಬಂದರೆ ಅಂದೇ ವೈದ್ಯರಿಗೆ ತಿಳಿಸಿ.

5. ಎಬ್ಬಿಸಲಾಗದ ನಿದ್ದೆ, ಕುಂದಿದ ಉಸಿರು, ಎದೆನೋವು, ಫಿಟ್ಸ್ ಕಂಡರೆ 108ಕ್ಕೆ ಕರೆ ಮಾಡಿ, ಸ್ಟ್ರಿಪ್‌ಗಳನ್ನೂ ಜೊತೆಗೊಯ್ಯಿರಿ.

ಯಾರ ಬಳಿ ಹೇಳಿಕೊಳ್ಳಲಿ ಎಂಬ ಸಂಕೋಚವಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು. ಸಕ್ಕರೆ ಕಾಯಿಲೆಯ ಮಾತ್ರೆಯ ಬಗ್ಗೆ ನಾವು ಎಷ್ಟು ಸಲೀಸಾಗಿ ಮಾತನಾಡುತ್ತೇವೆಯೋ, ಮನಸ್ಸಿನ ಮಾತ್ರೆಯ ಬಗ್ಗೆಯೂ ಅಷ್ಟೇ ಸಲೀಸಾಗಿ ಮಾತನಾಡುವ ಮನೆಯಲ್ಲಿ ಇಂಥ ಅನಾಹುತಗಳು ಕಡಿಮೆ.