ಬರೆದವರ ಕಣ್ಣಿಗೇ ಬೀಳದ ತಪ್ಪು

ಆಫೀಸಿನಲ್ಲಿ ಯಾರೋ ‘ಡಿಯರ್ ಸರ್’ ಬದಲು ‘ಡಿಯರ್ ಸಿಟ್’ ಎಂದು ಮೇಲ್ ಕಳಿಸಿದರೆ, ಊಟದ ಹೊತ್ತಿಗೆ ಅದು ಇಡೀ ಮಹಡಿಗೆ ಗೊತ್ತಾಗಿರುತ್ತದೆ. ಕೀಬೋರ್ಡಿನಲ್ಲಿ ‘ಆರ್’ ಪಕ್ಕದಲ್ಲೇ ‘ಟಿ’ ಇದೆ. ಬೆರಳು ಚೂರು ಸರಿದರೆ ಸಾಕು. ‘ಸಿಟ್’ ಕೂಡ ನಿಘಂಟಿನಲ್ಲಿರುವ ಪದವೇ ಆದ್ದರಿಂದ, ಬರೀ ಸ್ಪೆಲಿಂಗ್ ನೋಡುವ ತಂತ್ರಾಂಶ ಕೆಂಪು ಗೆರೆ ಎಳೆಯುವುದಿಲ್ಲ. ಆದರೆ ಓದಿದವರಿಗೆಲ್ಲ ಕಂಡದ್ದು ಬರೆದವರಿಗೆ ಏಕೆ ಕಾಣಲಿಲ್ಲ?

ಓದುವಾಗ ಕಣ್ಣು ಸಾಲಿನುದ್ದಕ್ಕೂ ಒಂದೇ ಸಮನೆ ಚಲಿಸುವುದಿಲ್ಲ. ಸುಮಾರು ಕಾಲು ಸೆಕೆಂಡು ಒಂದೆಡೆ ನಿಲ್ಲುತ್ತದೆ, ಮುಂದಕ್ಕೆ ಜಿಗಿಯುತ್ತದೆ, ಮತ್ತೆ ನಿಲ್ಲುತ್ತದೆ. ನಿಂತಲ್ಲಿ ಸ್ಪಷ್ಟವಾಗಿ ಕಾಣುವುದು ಕೆಲವೇ ಅಕ್ಷರಗಳು. ಸಣ್ಣಪುಟ್ಟ ಪರಿಚಿತ ಪದಗಳನ್ನು ಎಷ್ಟೋ ಸಲ ಹಾರಿಯೇ ಹೋಗುತ್ತದೆ. ಬಿಟ್ಟುಹೋದದ್ದನ್ನು ಮಿದುಳು ಊಹಿಸಿ ತುಂಬಿಕೊಳ್ಳುತ್ತದೆ. ನಾವೇ ಬರೆದದ್ದಾದರೆ ಮುಂದಿನ ಪದ ಮೊದಲೇ ಗೊತ್ತು; ಹಾಗಾಗಿ ಪರದೆಯ ಮೇಲೆ ಇರುವುದನ್ನು ಬಿಟ್ಟು ಮನಸ್ಸಿನಲ್ಲಿ ಇದ್ದದ್ದನ್ನೇ ಓದಿಬಿಡುತ್ತೇವೆ.

ಬೇರೆಯವರ ಬರಹದಲ್ಲಿ ಊಹೆ ಅಷ್ಟು ಗಟ್ಟಿಯಿರುವುದಿಲ್ಲ; ಹಾಗಾಗಿ ತಪ್ಪು ಕಣ್ಣಿಗೆ ಬೀಳುತ್ತದೆ. ವಾಕ್ಯಕ್ಕೆ ಹೊಂದದ ಪದ ಎದುರಾದರೆ ಸುಮಾರು 400 ಮಿಲಿಸೆಕೆಂಡಿಗೆ ಮಿದುಳಿನ ವಿದ್ಯುತ್ ಚಟುವಟಿಕೆಯಲ್ಲಿ ಒಂದು ವಿಶಿಷ್ಟ ಅಲೆ ಏಳುತ್ತದೆ ಎಂದು ವಿಜ್ಞಾನಿಗಳಾದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ ತೋರಿಸಿದರು. ಅದಕ್ಕೆ ‘ಎನ್400’ ಎಂದು ಹೆಸರು. ವ್ಯಾಕರಣ ತಪ್ಪಿದಾಗ ತುಸು ತಡವಾಗಿ ‘ಪಿ600’ ಎಂಬ ಇನ್ನೊಂದು ಅಲೆ ಕಾಣಿಸಿಕೊಳ್ಳುತ್ತದೆ.

ಹಾಗೆಂದು ಕಣ್ಣಿಗೆ ಬಿದ್ದ ಎಲ್ಲ ತಪ್ಪೂ ನಗು ತರಿಸುವುದಿಲ್ಲ. ‘ಸ್ವಾಗತ’ ಹೋಗಿ ‘ಸ್ವಗಾತ’ ಆದರೆ ಯಾರೂ ನಗುವುದಿಲ್ಲ. ‘ಆದರದ ಸ್ವಾಗತ’ ಹೋಗಿ ‘ಹಾದರದ ಸ್ವಾಗತ’ ಆದರೆ ನಗು ತಡೆಯಲಾಗದು. ತಪ್ಪಿದ ಪದಕ್ಕೂ ಬೇರೊಂದು ಅರ್ಥವಿದ್ದು, ಅದು ಸಂದರ್ಭಕ್ಕೆ ತೀರಾ ಸಲ್ಲದಿದ್ದಾಗ ತಮಾಷೆ ಹುಟ್ಟುತ್ತದೆ.

ಕೆಲವರು ನಕ್ಕು ಮರೆಯುತ್ತಾರೆ, ಕೆಲವರು ಬರೆದವರ ಯೋಗ್ಯತೆಯನ್ನೇ ಅಳೆಯುತ್ತಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೂಲಿ ಬೋಲೆಂಡ್ ಮತ್ತು ರಾಬಿನ್ ಕ್ವೀನ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೆದಕಿತು. ಮನೆ ಹಂಚಿಕೊಳ್ಳಲು ಜೊತೆಗಾರರು ಬೇಕೆಂಬ ಜಾಹೀರಾತಿಗೆ ಬಂದ ಉತ್ತರಗಳೆಂದು ಹೇಳಿ 83 ಮಂದಿಗೆ ಇಮೇಲ್‌ಗಳನ್ನು ಓದಿಸಿದರು. ತಪ್ಪುಗಳಿದ್ದ ಮೇಲ್‌ಗಳಿಗೆ ಒಟ್ಟಾರೆ ಕಡಿಮೆ ಅಂಕ ಬಂತು. ಆದರೆ ಹತ್ತು ಜನರೊಡನೆ ಬೆರೆಯುವ ಸ್ವಭಾವದವರು ತಪ್ಪುಗಳನ್ನು ಅಷ್ಟಾಗಿ ಎಣಿಸಲಿಲ್ಲ. ಅಂತರ್ಮುಖಿಗಳು ಬಿಗಿಯಾಗಿ ತೂಗಿದರು. ಹೊಂದಿಕೊಳ್ಳುವ ಗುಣ ಕಡಿಮೆ ಇದ್ದವರು ವ್ಯಾಕರಣದ ತಪ್ಪಿಗೆ ಹೆಚ್ಚು ಸಿಡುಕಿದರು.

ಅಂದರೆ ತಪ್ಪಿಗೆ ಕೊಡುವ ಅಂಕದಲ್ಲಿ ಕೊಡುವವರ ಸ್ವಭಾವವೂ ಸೇರಿರುತ್ತದೆ. ಸಹೋದ್ಯೋಗಿಯ ಮೇಲ್ ಓದಿ ನಗು ಬಂದರೆ ನಕ್ಕುಬಿಡಿ, ಅವರ ಬುದ್ಧಿ ಅಳೆಯಲು ಹೋಗಬೇಡಿ. ನಿಮ್ಮ ಮೇಲ್ ಕಳಿಸುವ ಮುನ್ನ ಕೊಂಚ ಬಿಡುವು ಕೊಟ್ಟು, ಒಮ್ಮೆ ಬಾಯಿಬಿಟ್ಟು ಓದಿ. ಮುಖ್ಯವಾದದ್ದಾದರೆ ಪಕ್ಕದವರಿಗೆ ತೋರಿಸಿ.