ನಿಮಗಿದು ಗೊತ್ತೆ? ಪೊರೆ ತೆಗೆದ ಕಣ್ಣಲ್ಲಿ ಹಳೆಯ ವೈರಸ್

ಕಣ್ಣಿನ ಪೊರೆ ತೆಗೆಸಿದ ಮೇಲೆ ಒಳಗಣ್ಣಿಗೆ ತಗಲುವ ಸೋಂಕಿಗೆ ಬಹುಪಾಲು ಬ್ಯಾಕ್ಟೀರಿಯಾವೇ ಕಾರಣ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಹಲವರ ದೃಷ್ಟಿ ಕಸಿದದ್ದು ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ.

ವೈರಸ್ಸಿನ ದಾರಿಯೇ ಬೇರೆ. ತುಟಿಯಲ್ಲಿ ಗುಳ್ಳೆ ಏಳಿಸುವ ಹರ್ಪಿಸ್ ಸಿಂಪ್ಲೆಕ್ಸ್ ಹೊರಗಿನಿಂದಲೇ ಬರಬೇಕೆಂದಿಲ್ಲ. ಮುಖದ ನರದ ಬುಡದಲ್ಲಿ ವರ್ಷಗಟ್ಟಲೆ ಅಡಗಿದ್ದು, ಶಸ್ತ್ರಚಿಕಿತ್ಸೆಯ ಪೆಟ್ಟಿಗೋ ಆಮೇಲೆ ಹಾಕುವ ಸ್ಟೀರಾಯ್ಡ್ ಹನಿಗೋ ಮತ್ತೆ ಎದ್ದು ಕಾರ್ನಿಯಾದ ಮೇಲೆ ಹುಣ್ಣು ಮಾಡಬಲ್ಲದು. ಹಿಂದೊಮ್ಮೆ ಕಣ್ಣಿಗೆ ಹರ್ಪಿಸ್ ಆಗಿದ್ದರೆ ವೈದ್ಯರಿಗೆ ಮೊದಲೇ ಹೇಳಲೇಬೇಕು. ಅಸೈಕ್ಲೋವಿರ್ ಮಾತ್ರೆಯಿಂದ ತಡೆಯುವ ಉಪಾಯವಿದೆ.

ಗೌರಿಬಿದನೂರು ಬಳಿಯ ಕುಡುಮಲಕುಂಟೆ ಕಡೆಯಿಂದ ಬೆಂಗಳೂರಿಗೆ ಹೋಗಿ ಪೊರೆ ತೆಗೆಸಿಕೊಂಡು ಬಂದ ಹಿರಿಯರಿಗೆ ನೋವು, ಕೆಂಪು, ಮಂಜು ಹೆಚ್ಚಿದರೆ ಮರುತಪಾಸಣೆಯ ದಿನಕ್ಕೆ ಕಾಯದೆ, ಅಂದೇ ಗೌರಿಬಿದನೂರಿನಲ್ಲಾದರೂ ಕಣ್ಣಿನ ವೈದ್ಯರಿಗೆ ತೋರಿಸಿ.